ಟೈಲ್ಸ್ ಒಡೆಯುವ ಮುನ್ನ ಬಿಟ್ ನೋಡಿ: ಬ್ರೇಕರ್ ಯಂತ್ರಕ್ಕೆ ಚಪ್ಪಟೆ ಉಳಿ ಆರಿಸುವುದು, ಬಳಸುವುದು ಹೇಗೆ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಭಾಗದ ಯಾವುದೇ ಹಳೆಯ ಹೌಸಿಂಗ್ ಸೊಸೈಟಿಗೆ ಹೋದರೂ ಒಂದಲ್ಲ ಒಂದು ಮನೆಯಲ್ಲಿ ಬ್ರೇಕರ್ ಯಂತ್ರದ ಸದ್ದು ಕೇಳಿಸುತ್ತದೆ. ಎಲ್ಲೋ ಹಳೆಯ ಟೈಲ್ಸ್ ಕೀಳುತ್ತಿರುತ್ತಾರೆ, ಇನ್ನೆಲ್ಲೋ ಸ್ನಾನದ ಮನೆಯ ನೆಲ ಅಗೆಯುತ್ತಿರುತ್ತಾರೆ. ಮತ್ತೊಂದು ಕಡೆ ಅಡುಗೆ ಕಟ್ಟೆ ಒಡೆದು ಹೊಸದು ಕಟ್ಟಿಸುವ ಆತುರ. ಮನೆ ಮಾಲೀಕರು ಹೊಸ ಟೈಲ್ಸ್‌ನ ಬಣ್ಣ, ವಿನ್ಯಾಸ ಆರಿಸಲು ನಾಲ್ಕು ಅಂಗಡಿ ಸುತ್ತುತ್ತಾರೆ. ಆದರೆ ಹಳೆಯದನ್ನು ಒಡೆಯಲು ಯಾವ ಯಂತ್ರ ಬರುತ್ತದೆ, ಅದರ ಬಾಯಿಗೆ ಯಾವ ಬಿಟ್ ಹಾಕುತ್ತಾರೆ ಎಂದು ಕೇಳುವವರು ಬಹಳ ಕಡಿಮೆ.

ಈ ಪ್ರಶ್ನೆ ಎಷ್ಟು ಮುಖ್ಯ ಎನ್ನುವುದಕ್ಕೆ ಕಲ್ಯಾಣದ ದುರಂತವೇ ಸಾಕ್ಷಿ. 2025ರ ಮೇ 20ರಂದು ಕಲ್ಯಾಣ ಪೂರ್ವದ ಸಪ್ತಶೃಂಗಿ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಸ್ಲ್ಯಾಬ್ ಕುಸಿದು ಕೆಳಗಿನ ಮಹಡಿಗಳ ಮೇಲೆ ಬಿತ್ತು. ಆರು ಮಂದಿ ಪ್ರಾಣ ಕಳೆದುಕೊಂಡರು. ಆ ಮಹಡಿಯ ಮನೆಯಲ್ಲಿ ಆಗ ನೆಲಹಾಸಿನ ಕೆಲಸ ನಡೆಯುತ್ತಿತ್ತು ಎಂದು ವರದಿಯಾಗಿತ್ತು. ಅದಕ್ಕೂ ಮೊದಲು, 2017ರ ಜುಲೈ 25ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಸಾಯಿ ಸಿದ್ಧಿ ಕಟ್ಟಡ ಉರುಳಿ 17 ಮಂದಿ ಸತ್ತಾಗಲೂ ನೆಲಮಹಡಿಯಲ್ಲಿ ನಡೆಯುತ್ತಿದ್ದ ಒಳಾಂಗಣ ಬದಲಾವಣೆಯ ಕಾಮಗಾರಿಯೇ ಚರ್ಚೆಯ ಕೇಂದ್ರವಾಗಿತ್ತು.

ಒಂದು ಬಿಟ್‌ನಿಂದಲೇ ಕಟ್ಟಡ ಬೀಳುವುದಿಲ್ಲ, ನಿಜ. ಆದರೆ ದುರ್ಬಲವಾದ ಸ್ಲ್ಯಾಬ್ ಮೇಲೆ ಅಗತ್ಯಕ್ಕಿಂತ ದೊಡ್ಡ ಯಂತ್ರ, ತಪ್ಪು ಬಿಟ್, ಮೂಲೆಯಲ್ಲಿ ರಾಶಿ ಹಾಕಿದ ಡೆಬ್ರಿಸ್ ಒಟ್ಟಾದರೆ ಅಪಾಯ ಹತ್ತಿರ ಬಂದಂತೆ. ಹಾಗಾಗಿ ಚಪ್ಪಟೆ ಉಳಿಯ ವಿಷಯ ಬರೀ ಕಾರ್ಮಿಕರಿಗೆ ಸಂಬಂಧಿಸಿದ್ದಲ್ಲ. ಆ ಕಟ್ಟಡದಲ್ಲಿ ವಾಸಿಸುವ ಎಲ್ಲರಿಗೂ ಸಂಬಂಧಿಸಿದ್ದು.

ಬ್ರೇಕರ್ ಯಂತ್ರ ಮಾಡುವ ಕೆಲಸವೇನು?

ಡ್ರಿಲ್ ಯಂತ್ರ ತಿರುಗಿ ಕೊರೆಯುತ್ತದೆ. ಡೆಮಾಲಿಷನ್ ಹ್ಯಾಮರ್, ಅಂದರೆ ಇಲ್ಲಿನ ಕೆಲಸಗಾರರ ಬಾಯಲ್ಲಿ 'ಬ್ರೇಕರ್', ತಿರುಗುವುದಿಲ್ಲ, ಬರೀ ಹೊಡೆಯುತ್ತದೆ. ಒಳಗಿನ ಮೋಟಾರು ಪಿಸ್ಟನ್ ಒಂದನ್ನು ಹಿಂದೆ ಮುಂದೆ ಓಡಿಸುತ್ತದೆ. ಪಿಸ್ಟನ್ ಮುಂದಿರುವ ಗಾಳಿ ಒತ್ತಿಕೊಂಡು ಸ್ಪ್ರಿಂಗ್‌ನಂತೆ ಚಿಮ್ಮಿ ಒಳಗಿನ ಉಕ್ಕಿನ ತುಂಡನ್ನು ತಳ್ಳುತ್ತದೆ, ಆ ತುಂಡು ಬಿಟ್‌ನ ಬುಡಕ್ಕೆ ಬಡಿಯುತ್ತದೆ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಏಟು. ಗಾಳಿಯ ಒತ್ತಡದಿಂದ ಹೊಡೆಯುವ ಈ ವಿದ್ಯುತ್ ಸುತ್ತಿಗೆಯನ್ನು ಬಾಷ್ ಕಂಪನಿ 1932ರಲ್ಲಿ ಮಾರುಕಟ್ಟೆಗೆ ತಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಡೆಯುವುದು ಯಂತ್ರ, ಆದರೆ ಆ ಏಟು ಎಲ್ಲಿಗೆ, ಎಷ್ಟು ಅಗಲಕ್ಕೆ, ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಬಿಟ್. ಒಂದೇ ಶಕ್ತಿಯ ಏಟು ಮೊನಚಾದ ಬಿಟ್‌ನಲ್ಲಿ ಒಂದು ಚುಕ್ಕೆಗೆ ಸೇರಿ ಆಳಕ್ಕೆ ಇಳಿಯುತ್ತದೆ. ಚಪ್ಪಟೆ ಬಿಟ್‌ನಲ್ಲಿ ಅದೇ ಶಕ್ತಿ ಒಂದು ಗೆರೆಯ ಉದ್ದಕ್ಕೂ ಹಂಚಿಹೋಗುತ್ತದೆ. ಹಾಗಾಗಿಯೇ ಮೊದಲನೆಯದು ಚುಚ್ಚಿ ಸೀಳುತ್ತದೆ, ಎರಡನೆಯದು ಎಬ್ಬಿಸಿ ಕೀಳುತ್ತದೆ.

ಮೊದಲು ಬುಡ ನೋಡಿ, ಆಮೇಲೆ ಬಾಯಿ

ಬಿಟ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಅದರ ಬಾಯಿಯ ಅಗಲ ನೋಡುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಬುಡವನ್ನು, ಅಂದರೆ ಯಂತ್ರದೊಳಗೆ ಕೂರುವ ಶ್ಯಾಂಕ್ ಅನ್ನು. ಶ್ಯಾಂಕ್ ಹೊಂದದಿದ್ದರೆ ಎಷ್ಟೇ ಒಳ್ಳೆಯ ಬಿಟ್ ಆದರೂ ಪ್ರಯೋಜನವಿಲ್ಲ.

ಎಸ್‌ಡಿಎಸ್ ಪ್ಲಸ್: ಸುಮಾರು 10 ಮಿ.ಮೀ. ದಪ್ಪದ ದುಂಡು ಬುಡ, ಅದರಲ್ಲಿ ಗಾಡಿಗಳು. ಎರಡರಿಂದ ನಾಲ್ಕು ಕಿಲೋ ತೂಕದ ಚಿಕ್ಕ ರೋಟರಿ ಹ್ಯಾಮರ್‌ಗಳಿಗೆ ಹೊಂದುತ್ತದೆ. ಇವುಗಳಲ್ಲಿ ತಿರುಗುವಿಕೆ ನಿಲ್ಲಿಸಿ ಬರೀ ಹೊಡೆಯುವ ಆಯ್ಕೆ ಇದ್ದರೆ ಮಾತ್ರ ಉಳಿ ಬಳಸಬಹುದು.

ಎಸ್‌ಡಿಎಸ್ ಮ್ಯಾಕ್ಸ್: 18 ಮಿ.ಮೀ. ದಪ್ಪದ ಬುಡ. ಐದರಿಂದ ಹನ್ನೊಂದು ಕಿಲೋ ತೂಕದ ಯಂತ್ರಗಳಿಗೆ. ಫ್ಲ್ಯಾಟ್‌ಗಳ ಒಳಗಿನ ಬಹುತೇಕ ಕೆಲಸ ಈ ಗುಂಪಿನ ಚಿಕ್ಕ ಯಂತ್ರಗಳಲ್ಲೇ ಮುಗಿಯುತ್ತದೆ.

17 ಮಿ.ಮೀ. ಷಟ್ಕೋನ: ಆರು ಮೂಲೆಯ ಬುಡ. ಐದು ಕಿಲೋ ಆಸುಪಾಸಿನ ಹಲವು ಬ್ರೇಕರ್‌ಗಳಲ್ಲಿ ಇದೇ ಇರುತ್ತದೆ. ಭಾರತದ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ.

28 ಮತ್ತು 30 ಮಿ.ಮೀ. ಷಟ್ಕೋನ: ಹದಿನೈದು ಕಿಲೋಗಿಂತ ಹೆಚ್ಚು ತೂಗುವ ದೊಡ್ಡ ಯಂತ್ರಗಳಿಗೆ. ರಸ್ತೆ, ಪಾಯ, ದಪ್ಪ ಕಾಂಕ್ರೀಟ್ ಒಡೆಯಲು. ಇವೆರಡೂ ನೋಡಲು ಒಂದೇ ತರಹ ಕಂಡರೂ ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. 30ರ ಯಂತ್ರಕ್ಕೆ 28ರ ಬಿಟ್ ಹಾಕಿದರೆ ಅದು ಸಡಿಲವಾಗಿ ಕುಣಿಯುತ್ತದೆ, ಏಟು ಓರೆಯಾಗಿ ಬೀಳುತ್ತದೆ, ಯಂತ್ರದ ಬಾಯಿಯೂ ಹಾಳು, ಬಿಟ್ಟೂ ಹಾಳು.

ಅಂಗಡಿಗೆ ಹೋಗುವಾಗ ಹಳೆಯ ಬಿಟ್ ಒಂದನ್ನು ಜೊತೆಗೆ ಒಯ್ಯುವುದು ಸುಲಭದ ದಾರಿ. ಅದು ಇಲ್ಲದಿದ್ದರೆ ಯಂತ್ರದ ಮೇಲಿನ ಹೆಸರು ಪಟ್ಟಿಯ ಫೋಟೋ ತೆಗೆದುಕೊಂಡು ಹೋಗಿ ತೋರಿಸಬಹುದು.

ಮೊನೆ, ಚಪ್ಪಟೆ, ಅಗಲ: ಯಾವುದು ಯಾವುದಕ್ಕೆ?

ಪಾಯಿಂಟ್ ಅಥವಾ ಮೊನೆ ಉಳಿ: ಗಟ್ಟಿ ಕಾಂಕ್ರೀಟ್‌ನಲ್ಲಿ ಮೊದಲ ಬಿರುಕು ಹುಟ್ಟಿಸಲು. ಇದು ಬೇಗ ಒಳಗಿಳಿಯುತ್ತದೆ. ಅದೇ ಇದರ ಗುಣ, ಮನೆಯೊಳಗೆ ಅದೇ ಇದರ ದೋಷ. ಟೈಲ್ಸ್ ಕೀಳುವ ಕೆಲಸಕ್ಕೆ ಇದನ್ನು ಹಾಕಿದರೆ ಟೈಲ್ ಮತ್ತು ಗಾರೆಯ ಪದರವನ್ನು ತೂತು ಮಾಡಿ ಕೆಳಗಿನ ಸ್ಲ್ಯಾಬ್‌ಗೇ ಏಟು ಕೊಡುತ್ತದೆ.

ಚಪ್ಪಟೆ ಉಳಿ ಅಥವಾ ಫ್ಲಾಟ್ ಬಿಟ್: ಬಾಯಿಯ ಅಗಲ ಸಾಮಾನ್ಯವಾಗಿ 20ರಿಂದ 25 ಮಿ.ಮೀ., ದೊಡ್ಡ ಯಂತ್ರಗಳಲ್ಲಿ 35 ಮಿ.ಮೀ. ಆಸುಪಾಸು. ಇಟ್ಟಿಗೆ ಗೋಡೆ ಬಿಚ್ಚಲು, ಗಾರೆ ಕೆತ್ತಲು, ಅಡುಗೆ ಕಟ್ಟೆ ಒಡೆಯಲು, ಅಂಚು ನೇರವಾಗಿ ಕತ್ತರಿಸಲು ಇದು ಹೇಳಿಮಾಡಿಸಿದ್ದು. ಒಂದೇ ಬಿಟ್ ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು.

ಅಗಲ ಉಳಿ ಅಥವಾ ಸ್ಪೇಡ್ ಬಿಟ್: ಎಸ್‌ಡಿಎಸ್ ಪ್ಲಸ್‌ನಲ್ಲಿ 40 ಮಿ.ಮೀ., ಮ್ಯಾಕ್ಸ್‌ನಲ್ಲಿ 50ರಿಂದ 80 ಮಿ.ಮೀ. ಅಗಲ. ಟೈಲ್ಸ್, ಪ್ಲಾಸ್ಟರ್, ತೆಳು ಗಾರೆಯ ಪದರ ಎಬ್ಬಿಸಲು. ಕುತ್ತಿಗೆಯ ಬಳಿ ಸ್ವಲ್ಪ ಬಾಗಿದ ಟೈಲ್ ಬಿಟ್ ಕೂಡ ಸಿಗುತ್ತದೆ. ಅದು ನೆಲಕ್ಕೆ ಹತ್ತಿರ ಮಲಗಿದಂತೆ ಹೋಗುವುದರಿಂದ ಟೈಲ್ ಕೆಳಗೆ ಸಲೀಸಾಗಿ ಜಾರುತ್ತದೆ.

ಒಂದು ಸರಳ ನಿಯಮ ನೆನಪಿಡಿ: ವಸ್ತು ಮೆತ್ತಗಿದ್ದಷ್ಟೂ ಬಿಟ್ ಅಗಲವಾಗಲಿ, ಗಟ್ಟಿಯಾದಷ್ಟೂ ಕಿರಿದಾಗಲಿ. ಗಟ್ಟಿ ಕಾಂಕ್ರೀಟ್ ಮೇಲೆ 80 ಮಿ.ಮೀ. ಬಿಟ್ ಇಟ್ಟರೆ ಏಟಿನ ಬಲ ಹಂಚಿಹೋಗಿ ಯಂತ್ರ ಬರೀ ಕುಪ್ಪಳಿಸುತ್ತದೆ. ಮೆತ್ತನೆಯ ಪ್ಲಾಸ್ಟರ್ ಮೇಲೆ ಪಾಯಿಂಟ್ ಇಟ್ಟರೆ ತೂತು ಬೀಳುತ್ತದೆ, ಪದರ ಏಳುವುದಿಲ್ಲ.

ಉದ್ದದ ಆಯ್ಕೆಯೂ ಅಷ್ಟೇ ಮುಖ್ಯ. ಎಸ್‌ಡಿಎಸ್ ಮ್ಯಾಕ್ಸ್‌ನಲ್ಲಿ 280 ಮತ್ತು 400 ಮಿ.ಮೀ. ಉದ್ದದವು ಸಾಮಾನ್ಯ, 600 ಮಿ.ಮೀ.ನದೂ ಸಿಗುತ್ತದೆ. ಗೋಡೆಯ ಕೆಲಸಕ್ಕೆ ಚಿಕ್ಕದು ಸರಿ, ಯಂತ್ರ ಹಿಡಿತದಲ್ಲಿರುತ್ತದೆ. ನೆಲದ ಕೆಲಸಕ್ಕೆ 400 ಮಿ.ಮೀ. ಒಳ್ಳೆಯದು, ಸೊಂಟ ಅಷ್ಟು ಬಾಗಿಸಬೇಕಿಲ್ಲ.

ಯಂತ್ರ ದೊಡ್ಡದಾದರೆ ಕೆಲಸ ಬೇಗ ಎಂಬ ಭ್ರಮೆ

ಏಟಿನ ಬಲವನ್ನು ಜೌಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಎರಡು ಮೂರು ಕಿಲೋ ಯಂತ್ರದ ಒಂದು ಏಟು ಸುಮಾರು 2ರಿಂದ 3 ಜೌಲ್. ಐದಾರು ಕಿಲೋ ಯಂತ್ರದ್ದು 7ರಿಂದ 10 ಜೌಲ್. ಹತ್ತು ಹನ್ನೊಂದು ಕಿಲೋದ್ದು 17ರಿಂದ 25 ಜೌಲ್. ಹದಿನಾರು ಕಿಲೋ ದಾಟಿದ ಯಂತ್ರ 40 ಜೌಲ್ ಆಸುಪಾಸಿಗೆ ಹೋಗುತ್ತದೆ.

ಗುತ್ತಿಗೆದಾರರು ಒಂದೇ ದಿನದಲ್ಲಿ ಕೆಲಸ ಮುಗಿಸಲು ದೊಡ್ಡ ಯಂತ್ರವನ್ನೇ ತರುವುದುಂಟು. ನೆಲದಡಿ ಮಣ್ಣಿದ್ದರೆ ಅದು ನಡೆದೀತು. ಆದರೆ ಮಹಡಿಯ ಮನೆಯಲ್ಲಿ ಟೈಲ್ಸ್ ಕೆಳಗೆ ಇರುವುದು ಇನ್ನೊಬ್ಬರ ಮನೆಯ ಸೂರು. ವಾಸದ ಕಟ್ಟಡಗಳ ಸ್ಲ್ಯಾಬ್ ದಪ್ಪ ಹೆಚ್ಚಾಗಿ ನಾಲ್ಕರಿಂದ ಐದು ಇಂಚು ಅಷ್ಟೇ. ಅದರೊಳಗಿನ ಕಬ್ಬಿಣದ ಸರಳನ್ನು ಮುಚ್ಚಿರುವ ಕಾಂಕ್ರೀಟ್ ಪದರ 15ರಿಂದ 20 ಮಿ.ಮೀ. ಮಾತ್ರ. ಅಂದರೆ ಹೆಬ್ಬೆರಳಿನ ಅಗಲದಷ್ಟು. 40 ಜೌಲ್‌ನ ಯಂತ್ರಕ್ಕೆ ಪಾಯಿಂಟ್ ಹಾಕಿ ಒತ್ತಿದರೆ ಆ ಪದರ ಹಾರಿಹೋಗಲು ಹೆಚ್ಚು ಹೊತ್ತು ಬೇಡ.

ಆದ್ದರಿಂದ ಮಹಡಿಯ ಫ್ಲ್ಯಾಟ್‌ಗಳಲ್ಲಿ ಟೈಲ್ಸ್ ಮತ್ತು ಗಾರೆ ಕೀಳಲು ಐದಾರು ಕಿಲೋಗಿಂತ ಕಡಿಮೆ ತೂಕದ ಯಂತ್ರ, ಅದಕ್ಕೆ ಅಗಲ ಉಳಿ. ಇದೇ ಸರಿಯಾದ ಜೋಡಿ. ಒಂದು ದಿನ ಹೆಚ್ಚು ಹಿಡಿಯಬಹುದು, ಆದರೆ ಕೆಳಗಿನ ಮನೆಯ ಸೀಲಿಂಗ್ ಉಳಿಯುತ್ತದೆ.

ಯಂತ್ರ ಶುರು ಮಾಡುವ ಮುನ್ನ ಕಟ್ಟಡದ ನಾಡಿ ಹಿಡಿಯಿರಿ

ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆಯ 265(ಎ) ಕಲಂ ಪ್ರಕಾರ 30 ವರ್ಷ ದಾಟಿದ ಕಟ್ಟಡಗಳು ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕು. ಪರೀಕ್ಷೆಯ ನಂತರ ಅಪಾಯಕಾರಿ ಕಟ್ಟಡಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಸಿ-1 ಎಂದರೆ ಅತಿ ಅಪಾಯಕಾರಿ, ತಕ್ಷಣ ತೆರವು ಮಾಡಿ ಕೆಡವಬೇಕಾದದ್ದು. ಸಿ-2ಎ ಎಂದರೆ ಖಾಲಿ ಮಾಡಿಸಿ ದುರಸ್ತಿ ಮಾಡಬೇಕಾದದ್ದು. ಸಿ-2ಬಿ ಎಂದರೆ ನಿವಾಸಿಗಳು ಇರುವಂತೆಯೇ ದುರಸ್ತಿ ಮಾಡಬಹುದಾದದ್ದು. ಸಿ-3 ಎಂದರೆ ಸಣ್ಣಪುಟ್ಟ ದುರಸ್ತಿ ಸಾಕು. ನಿಮ್ಮ ಕಟ್ಟಡ ಯಾವ ಪಟ್ಟಿಯಲ್ಲಿದೆ ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ. ಸಿ-1, ಸಿ-2ಎ ಆಗಿದ್ದರೆ ಮನೆಯೊಳಗೆ ಬ್ರೇಕರ್ ತರುವ ಮಾತೇ ಬೇಡ.

ಕಟ್ಟಡ ಹೊಸದು ಎಂದ ಮಾತ್ರಕ್ಕೆ ಗಟ್ಟಿ ಎನ್ನುವಂತೆಯೂ ಇಲ್ಲ. ಥಾಣೆ ಜಿಲ್ಲೆಯ ಶಿಲ್ ಫಾಟಾದಲ್ಲಿ 2013ರ ಏಪ್ರಿಲ್ 4ರಂದು ಕುಸಿದ ಲಕ್ಕಿ ಕಾಂಪೌಂಡ್ ಕಟ್ಟಡ ಇನ್ನೂ ನಿರ್ಮಾಣದ ಹಂತದಲ್ಲಿತ್ತು. ಆ ಅಕ್ರಮ ಕಟ್ಟಡ 74 ಜೀವಗಳನ್ನು ಬಲಿ ಪಡೆಯಿತು. ಕಳಪೆ ಕಾಂಕ್ರೀಟ್‌ಗೆ ವಯಸ್ಸಿನ ಹಂಗಿಲ್ಲ. ಮೇಲಾಗಿ ಈ ಭಾಗ ಖಾಡಿಯ ದಂಡೆಯಲ್ಲಿದೆ. ಉಪ್ಪಿನ ಗಾಳಿ ಮತ್ತು ನಾಲ್ಕು ತಿಂಗಳ ಜಡಿಮಳೆಯಲ್ಲಿ ಸರಳುಗಳಿಗೆ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟ್ ಅನ್ನು ಒಳಗಿನಿಂದಲೇ ಒಡೆಯುತ್ತದೆ.

ಹೀಗಾಗಿ ಕೆಲಸಕ್ಕೆ ಮುನ್ನ ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಿ. ಉದ್ದನೆಯ ಬಿರುಕು, ಉದುರಿದ ಪ್ಲಾಸ್ಟರ್, ಕಂದು ಬಣ್ಣದ ಕಲೆ, ಹೊರಗೆ ಕಾಣುವ ಸರಳು, ಜೋತುಬಿದ್ದಂತೆ ಕಾಣುವ ಸ್ಲ್ಯಾಬ್. ಇವುಗಳಲ್ಲಿ ಒಂದು ಕಂಡರೂ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವ ತನಕ ಕೆಲಸ ಆರಂಭಿಸಬೇಡಿ. ಸೊಸೈಟಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಗೋಡೆ ತೆಗೆಯುವುದು, ಬಾಗಿಲ ಜಾಗ ಬದಲಿಸುವುದು ಮುಂತಾದ ಕೆಲಸಕ್ಕೆ ಪಾಲಿಕೆಯ ಅನುಮತಿ ಬೇಕೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಇನ್ನು ಪಿಲ್ಲರ್, ಬೀಮ್, ಸ್ಲ್ಯಾಬ್‌ಗೆ ಎಂಜಿನಿಯರ್ ಮಾತಿಲ್ಲದೆ ಯಾವ ಉಳಿಯೂ ತಾಗಬಾರದು.

ಚಪ್ಪಟೆ ಉಳಿ ಬಳಸುವ ಕ್ರಮ

ಟೈಲ್ಸ್ ಕೀಳುವಾಗ: ಮೊದಲು ಗೋಡೆಯ ಬುಡದ ಸ್ಕರ್ಟಿಂಗ್ ತೆಗೆಯಿರಿ, ಅಲ್ಲಿ ಟೈಲ್‌ನ ಅಂಚು ಕಾಣುತ್ತದೆ. ಅಂಚು ಸಿಗದಿದ್ದರೆ ಕೋಣೆಯ ಒಂದು ಟೈಲನ್ನು ಕೈ ಸುತ್ತಿಗೆಯಲ್ಲಿ ಒಡೆದು ತೆಗೆದು ದಾರಿ ಮಾಡಿಕೊಳ್ಳಿ. ಆಮೇಲೆ ಅಗಲ ಉಳಿಯನ್ನು ನೆಲಕ್ಕೆ 20ರಿಂದ 30 ಡಿಗ್ರಿಯಷ್ಟು ಓರೆಯಾಗಿ ಹಿಡಿದು ಟೈಲ್ ಮತ್ತು ಗಾರೆಯ ನಡುವೆ ನುಗ್ಗಿಸಿ. ಟೈಲ್ ಇಡಿಯಾಗಿ ಏಳುತ್ತದೆ. ಉಳಿಯನ್ನು ನೆಟ್ಟಗೆ ನಿಲ್ಲಿಸಿ ಹೊಡೆದರೆ ಟೈಲ್ ಚೂರಾಗುತ್ತದೆ, ಏಟು ನೇರ ಸ್ಲ್ಯಾಬ್‌ಗೆ ಹೋಗುತ್ತದೆ.

ಪ್ಲಾಸ್ಟರ್ ಕೆತ್ತುವಾಗ: ಒಳಗೋಡೆಯ ಪ್ಲಾಸ್ಟರ್ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ದಪ್ಪ. ಮೊದಲು ಗೋಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆಯಿಂದ ಶುರು ಮಾಡಿದರೆ ಪದರ ಹಾಳೆಯಂತೆ ಕಳಚಿಕೊಳ್ಳುತ್ತದೆ. ಚಿಕ್ಕ ಯಂತ್ರ, 40 ಮಿ.ಮೀ. ಉಳಿ ಸಾಕು.

ಇಟ್ಟಿಗೆ ಗೋಡೆ ತೆಗೆಯುವಾಗ: ಇಟ್ಟಿಗೆಗೆ ಹೊಡೆಯಬೇಡಿ, ಇಟ್ಟಿಗೆಗಳ ನಡುವಿನ ಸಂದಿಗೆ ಹೊಡೆಯಿರಿ. ಮೇಲಿನಿಂದ ಕೆಳಕ್ಕೆ, ಒಂದೊಂದೇ ಸಾಲು ಬಿಚ್ಚುತ್ತಾ ಬನ್ನಿ. ಬುಡ ಕಡಿದು ಇಡೀ ಗೋಡೆ ಬೀಳಿಸುವುದು ಪ್ರಾಣಕ್ಕೆ ಕುತ್ತು.

ಅಡುಗೆ ಕಟ್ಟೆ ಒಡೆಯುವಾಗ: ಇಲ್ಲಿನವರು 'ಓಟಾ' ಎನ್ನುವ ಕಟ್ಟೆಯ ಕಲ್ಲು ತೆಗೆದ ಮೇಲೆ ಅಂಚಿನಿಂದ ಐದರಿಂದ ಏಳು ಸೆಂ.ಮೀ. ಒಳಗೆ ಉಳಿ ಇಡಿ. ಉಳಿಯ ಬಾಯಿ ಅಂಚಿಗೆ ಸಮಾನಾಂತರವಾಗಿರಲಿ. ಒಡೆದ ತುಂಡಿಗೆ ಹೊರಗೆ ಬೀಳಲು ಜಾಗ ಬೇಕು ಎನ್ನುವುದೇ ಇಲ್ಲಿನ ಗುಟ್ಟು. ನಡುಮಧ್ಯದಲ್ಲಿ ಹೊಡೆದರೆ ಉಳಿ ಸಿಕ್ಕಿಕೊಳ್ಳುತ್ತದೆಯೇ ವಿನಾ ತುಂಡು ಬರುವುದಿಲ್ಲ.

ಗೋಡೆಯಲ್ಲಿ ಪೈಪ್, ವೈರ್ ಹಾಕಲು ಗಾಡಿ ತೆಗೆಯುವಾಗ: ಎರಡು ಬದಿಗೂ ಕಟರ್‌ನಿಂದ ಗೆರೆ ಕೊಯ್ದು ನಡುವಿನ ಭಾಗವನ್ನಷ್ಟೇ ಕಿರಿದಾದ ಚಪ್ಪಟೆ ಉಳಿಯಿಂದ ತೆಗೆಯಿರಿ. ಮೇಲಿಂದ ಕೆಳಕ್ಕೆ ಹೋಗುವ ಗಾಡಿಯ ಆಳ ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು, ಅಡ್ಡ ಹೋಗುವ ಗಾಡಿ ಆರನೇ ಒಂದು ಭಾಗ ಮೀರಬಾರದು ಎಂಬುದು ಕಟ್ಟಡ ಕೆಲಸದ ರೂಢಿಯ ನಿಯಮ. ನಾಲ್ಕೂವರೆ ಇಂಚಿನ ಗೋಡೆಗೆ ಲೆಕ್ಕ ಹಾಕಿದರೆ ಅಡ್ಡ ಗಾಡಿ ಮುಕ್ಕಾಲು ಇಂಚು ಮಾತ್ರ.

ಎಲ್ಲ ಕೆಲಸಕ್ಕೂ ಅನ್ವಯಿಸುವ ಮಾತೊಂದಿದೆ. ಯಂತ್ರದ ಮೇಲೆ ಮೈಭಾರ ಹಾಕಬೇಡಿ. ಯಂತ್ರದ ತೂಕಕ್ಕೆ ಸ್ವಲ್ಪ ಕೈಒತ್ತು ಸೇರಿದರೆ ಸಾಕು. ಕೆಲವು ಸೆಕೆಂಡ್‌ಗಳಲ್ಲಿ ತುಂಡು ಏಳದಿದ್ದರೆ ಅಲ್ಲೇ ಹೊಡೆಯುತ್ತಾ ನಿಲ್ಲದೆ ಜಾಗ ಬದಲಿಸಿ. ಒಂದೇ ಕಡೆ ಹೊಡೆಯುತ್ತಿದ್ದರೆ ಉಳಿ ಕಾದು ಬಾಯಿಯ ಹದ ಹೋಗುತ್ತದೆ. ಹಾಗೆಯೇ ಬಿಟ್ ಅನ್ನು ಹಾರೆಯಂತೆ ಮೀಟಲು ಬಳಸಬೇಡಿ. ಬಿಟ್‌ನ ಕುತ್ತಿಗೆ ಮುರಿಯುವುದು ಹೆಚ್ಚಾಗಿ ಹೊಡೆತದಿಂದಲ್ಲ, ಮೀಟುವುದರಿಂದ. ಉಳಿ ಸಿಕ್ಕಿಕೊಂಡರೆ ಯಂತ್ರವನ್ನು ಎಳೆದಾಡದೆ ಬಿಟ್‌ನಿಂದ ಕಳಚಿ, ಪಕ್ಕದಲ್ಲಿ ಇನ್ನೊಂದು ಉಳಿಯಿಂದ ಒಡೆದು ಬಿಡಿಸಿಕೊಳ್ಳಿ.

ಸ್ಲ್ಯಾಬ್ ಬಂತೆಂದು ತಿಳಿಯುವುದು ಹೇಗೆ?

ಟೈಲ್ ಕೆಳಗೆ ಮೊದಲು ಸಿಗುವುದು ಮರಳು ಸಿಮೆಂಟಿನ ಗಾರೆ. ಅದು ಪುಡಿಪುಡಿಯಾಗಿ ಏಳುತ್ತದೆ. ಅದರ ಕೆಳಗೆ ಜಲ್ಲಿಕಲ್ಲು ಕಾಣಿಸಿತೆಂದರೆ, ಉಳಿಯ ಸದ್ದು ಮಂದದಿಂದ ಖಣಖಣಕ್ಕೆ ತಿರುಗಿತೆಂದರೆ, ಯಂತ್ರ ಕೈಗೆ ವಾಪಸ್ ಒದೆಯತೊಡಗಿತೆಂದರೆ ಸ್ಲ್ಯಾಬ್ ಬಂದಿದೆ ಎಂದೇ ಅರ್ಥ. ಅಲ್ಲಿಗೆ ಬ್ರೇಕರ್ ಕೆಲಸ ಮುಗಿಯಿತು. ಉಳಿದ ಅಂಟನ್ನು ಕೈ ಉಳಿಯಿಂದ ತೆಗೆಯಬಹುದು. ಸರಳು ಕಂಡರೆ ಕೆಲಸ ನಿಲ್ಲಿಸಿ ಎಂಜಿನಿಯರ್‌ಗೆ ತೋರಿಸಿ. ಗಾರೆ ಮೆತ್ತಿ ಮುಚ್ಚಿಬಿಟ್ಟರೆ ಸಮಸ್ಯೆ ಮುಚ್ಚಿದಂತೆ ಆಗುವುದಿಲ್ಲ.

ಸ್ನಾನದ ಮನೆ, ಶೌಚಾಲಯದ ಲೆಕ್ಕ ಬೇರೆ. ಇಲ್ಲಿ ಸ್ಲ್ಯಾಬ್ ಅನ್ನು ತಗ್ಗಿಸಿ, ಅದರಲ್ಲಿ ಇಟ್ಟಿಗೆ ಚೂರುಗಳನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸಿ ನೀರು ಸೋರದಂತೆ ಮಾಡಿರುತ್ತಾರೆ. ಮುಂಬಯಿ ಭಾಗದಲ್ಲಿ ಇದಕ್ಕೆ 'ಬ್ರಿಕ್‌ಬ್ಯಾಟ್ ಕೋಬಾ' ಎನ್ನುತ್ತಾರೆ. ಕೆಂಪು ಪುಡಿ ಏಳುತ್ತಿದ್ದರೆ ಉಳಿ ಕೋಬಾದಲ್ಲಿದೆ ಎಂದು ತಿಳಿಯಬೇಕು. ಬರೀ ಟೈಲ್ಸ್ ಬದಲಿಸುವುದಾದರೆ ಕೋಬಾ ಮುಟ್ಟಬೇಡಿ. ಮುಟ್ಟಿದರೆ ಪೂರ್ತಿ ಹೊಸದಾಗಿ ಜಲನಿರೋಧಕ ಪದರ ಹಾಕಿಸಲೇಬೇಕು, ಇಲ್ಲವಾದರೆ ಮೊದಲ ತಿಂಗಳಲ್ಲೇ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ.

ಒಡೆದದ್ದಕ್ಕಿಂತ ರಾಶಿ ಹಾಕಿದ್ದೇ ಭಾರ

ಹೆಚ್ಚಿನವರು ಮರೆಯುವ ಲೆಕ್ಕ ಇದು. ವಾಸದ ಮನೆಗಳ ಸ್ಲ್ಯಾಬ್ ವಿನ್ಯಾಸ ಮಾಡುವಾಗ ಜನ, ಪೀಠೋಪಕರಣಗಳಿಗೆಂದು ಪ್ರತಿ ಚದರ ಮೀಟರ್‌ಗೆ ಸುಮಾರು 200 ಕಿಲೋ ಭಾರ ಹಿಡಿಯುತ್ತಾರೆ. ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗ ಇದನ್ನೇ ಹೇಳುತ್ತದೆ.

ಈಗ 10 ಚದರ ಮೀಟರ್‌ನ ಒಂದು ಕೋಣೆ ತೆಗೆದುಕೊಳ್ಳಿ. ಟೈಲ್ ಮತ್ತು ಗಾರೆ ಸೇರಿ 60 ಮಿ.ಮೀ. ದಪ್ಪ ಇದ್ದರೆ ಕಿತ್ತ ವಸ್ತುವಿನ ತೂಕ ಸುಮಾರು 1,200 ಕಿಲೋ. ಅದು ನೆಲದ ತುಂಬ ಹರಡಿದ್ದಾಗ ಸ್ಲ್ಯಾಬ್‌ಗೆ ಹೊಸ ಭಾರವಲ್ಲ. ಅದನ್ನೇ ಒಂದು ಮೂಲೆಯಲ್ಲಿ ಮೊಣಕಾಲೆತ್ತರ ರಾಶಿ ಹಾಕಿದರೆ ಆ ಜಾಗದಲ್ಲಿ ಪ್ರತಿ ಚದರ ಮೀಟರ್‌ಗೆ 600 ಕಿಲೋ ದಾಟುತ್ತದೆ. ಅಂದರೆ ಲೆಕ್ಕಕ್ಕಿಂತ ಮೂರು ಪಟ್ಟು. ಪಕ್ಕದಲ್ಲೇ 20 ಚೀಲ ಸಿಮೆಂಟ್ ಪೇರಿಸಿದರೆ ಅದೊಂದು ಟನ್. ಇದರ ಮೇಲೆ ಯಂತ್ರದ ಅದುರುವಿಕೆ.

ಪರಿಹಾರ ಕಷ್ಟದ್ದೇನಲ್ಲ. ಡೆಬ್ರಿಸ್ ಅನ್ನು ಆಗಿಂದಾಗ್ಗೆ ಗೋಣಿಗೆ ತುಂಬಿ ಕೆಳಗಿಳಿಸಿ. ರಾತ್ರಿ ಮನೆಯಲ್ಲಿ ರಾಶಿ ಉಳಿಯದಿರಲಿ. ಹೊಸ ಮರಳು, ಸಿಮೆಂಟ್, ಟೈಲ್ಸ್ ಪೆಟ್ಟಿಗೆಗಳನ್ನು ಒಂದೇ ದಿನ ಮೇಲೆ ತರಿಸಬೇಡಿ, ತಂದದ್ದನ್ನು ಕೋಣೆಯ ನಡುವೆ ಪೇರಿಸದೆ ಬೀಮ್ ಇರುವ ಬದಿಗೆ ಹರಡಿ ಇಡಿ. 'ಹಳೆಯ ಟೈಲ್ಸ್ ಕೀಳುವುದೇ ಬೇಡ, ಅದರ ಮೇಲೆಯೇ ಹೊಸದು ಹಾಕೋಣ' ಎಂಬ ಸಲಹೆಯೂ ಬರುತ್ತದೆ. 40 ಮಿ.ಮೀ. ಗಾರೆ, ಅದರ ಮೇಲೆ ಟೈಲ್ ಎಂದರೆ ಪ್ರತಿ ಚದರ ಮೀಟರ್‌ಗೆ 100 ಕಿಲೋ ಶಾಶ್ವತವಾಗಿ ಸೇರುತ್ತದೆ ಎಂಬುದು ನೆನಪಿರಲಿ.

ಸಾಣೆ ಮತ್ತು ಹದ

ಬಾಯಿ ಮೊಂಡಾದ ಉಳಿ ಕೆಲಸವನ್ನೂ ನಿಧಾನ ಮಾಡುತ್ತದೆ, ಅದುರುವಿಕೆಯನ್ನೂ ಹೆಚ್ಚಿಸುತ್ತದೆ. ಹೊಸ ಬಿಟ್ ತಂದ ದಿನವೇ ಅದರ ಬಾಯಿಯ ಆಕಾರವನ್ನು ಒಂದು ರಟ್ಟಿನ ಮೇಲೆ ಕತ್ತರಿಸಿ ಇಟ್ಟುಕೊಳ್ಳಿ. ಸಾಣೆ ಹಿಡಿಯುವಾಗ ಅದೇ ಕೋನಕ್ಕೆ ಬರಬೇಕು. ತೀರಾ ಚೂಪು ಮಾಡಿದರೆ ಬಾಯಿ ಬೇಗ ಮುರಿಯುತ್ತದೆ.

ಸಾಣೆಚಕ್ರಕ್ಕೆ ಹಗುರಾಗಿ ತಾಗಿಸಿ, ಆಗಾಗ ನೀರಿಗೆ ಅದ್ದಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು ಎಂದೇ ತಿಳಿಯಬೇಕು. ಆ ಭಾಗ ಮೆತ್ತಗಾಗಿ ಗಟ್ಟಿ ಕಾಂಕ್ರೀಟ್‌ಗೆ ತಾಗಿದೊಡನೆ ಮಡಚಿಕೊಳ್ಳುತ್ತದೆ. ತುಂಬಾ ಸವೆದ ಬಿಟ್ ಅನ್ನು ಕುಲುಮೆಯಲ್ಲಿ ಕಾಯಿಸಿ ಬಡಿಸುವುದುಂಟು. ಬಡಿದ ಮೇಲೆ ಮತ್ತೆ ಸರಿಯಾಗಿ ಹದ ಕೊಡಬಲ್ಲ ಕಮ್ಮಾರ ಸಿಕ್ಕರೆ ಮಾತ್ರ ಅದು ಲಾಭ. ಬಿರುಕು ಬಿಟ್ಟದ್ದು, ಬುಡ ಅಣಬೆಯಂತೆ ಅರಳಿದ್ದು, ಬಾಗಿದ್ದು ಮಾತ್ರ ನೇರ ಗುಜರಿಗೆ. ಅದರಿಂದ ಸಿಡಿಯುವ ಉಕ್ಕಿನ ಚೂರು ಕಣ್ಣಿಗೆ ಬಿದ್ದರೆ ಕಳೆದುಕೊಳ್ಳುವುದು ಬಿಟ್‌ನ ಬೆಲೆಯಷ್ಟೇ ಅಲ್ಲ.

ಪ್ರತಿ ಬಾರಿ ಬಿಟ್ ಹಾಕುವ ಮುನ್ನ ಬುಡ ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿ. ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ. ಬಿಟ್ ಸ್ವಲ್ಪ ಹಿಂದೆ ಮುಂದೆ ಆಡಬೇಕು, ಆದರೆ ಹೊರಬರಬಾರದು. ಬಿಟ್ ಬದಲಿಸುವಾಗ ಪ್ಲಗ್ ತೆಗೆದಿರಲಿ.

ಯಂತ್ರ ಹಿಡಿದವರ ಮೈ ಲೆಕ್ಕಕ್ಕಿಲ್ಲವೇ?

ಕೆಲಸ ಹುಡುಕಿ ಬೆಳಗ್ಗೆ ನಾಕಾದಲ್ಲಿ ನಿಲ್ಲುವವರಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಕನ್ನಡಿಗರೂ ಇದ್ದಾರೆ. ದಿನಗೂಲಿಗೆ ಬ್ರೇಕರ್ ಹಿಡಿಯುವ ಇವರ ಮೈಗೆ ಮೂರು ಕಡೆಯಿಂದ ಪೆಟ್ಟು.

ಮೊದಲನೆಯದು ದೂಳು. ಕಾಂಕ್ರೀಟ್, ಟೈಲ್ಸ್, ಮರಳಿನಲ್ಲಿರುವ ಸಿಲಿಕಾ ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಕಾಯಿಲೆಗೆ ವಾಸಿ ಮಾಡುವ ಮದ್ದಿಲ್ಲ. ಕರವಸ್ತ್ರ ಕಟ್ಟಿಕೊಂಡರೆ ಈ ಕಣ ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು. ಒಡೆಯುವ ಜಾಗಕ್ಕೆ ಹಗುರಾಗಿ ನೀರು ಚಿಮುಕಿಸಿದರೆ ದೂಳು ಬಹುಪಾಲು ಅಡಗುತ್ತದೆ. ಆದರೆ ಯಂತ್ರಕ್ಕೆ, ವೈರ್‌ಗೆ ನೀರು ತಾಗದಂತೆ ನೋಡಿಕೊಳ್ಳಬೇಕು.

ಎರಡನೆಯದು ಅದುರುವಿಕೆ. ವರ್ಷಗಟ್ಟಲೆ ಬ್ರೇಕರ್ ಹಿಡಿದವರ ಬೆರಳುಗಳು ಜೋಮು ಹಿಡಿದು ಬಿಳಿಚಿಕೊಳ್ಳುತ್ತವೆ, ಹಿಡಿತ ತಪ್ಪುತ್ತದೆ. ಯುರೋಪಿನ ನಿಯಮದ ಪ್ರಕಾರ ಎಂಟು ಗಂಟೆಯ ದಿನಕ್ಕೆ ಕೈ ಅದುರುವಿಕೆಯ ಮಿತಿ 5 ಮೀಟರ್ ಪ್ರತಿ ಸೆಕೆಂಡ್ ವರ್ಗ. 10ರಷ್ಟು ಅದುರುವ ಯಂತ್ರವಾದರೆ ಆ ಮಿತಿ ಎರಡೇ ಗಂಟೆಯಲ್ಲಿ ಮುಗಿಯುತ್ತದೆ, 15ರಷ್ಟಾದರೆ ಒಂದು ಗಂಟೆಯೊಳಗೆ. ಹೀಗಾಗಿ ಇಬ್ಬರು ಸರದಿಯಲ್ಲಿ ಯಂತ್ರ ಹಿಡಿಯಬೇಕು. ಒಬ್ಬರು ಒಡೆದರೆ ಇನ್ನೊಬ್ಬರು ಡೆಬ್ರಿಸ್ ತುಂಬಲಿ. ಕೆಲಸವೂ ಸಾಗುತ್ತದೆ, ರಾಶಿಯೂ ಕರಗುತ್ತದೆ.

ಮೂರನೆಯದು ಸದ್ದು. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು ಎಂದಾದರೆ 100 ಡೆಸಿಬಲ್‌ನಲ್ಲಿ ಇರಬಹುದಾದದ್ದು 15 ನಿಮಿಷ ಮಾತ್ರ ಎನ್ನುತ್ತದೆ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಶಿಫಾರಸು. ಮುಚ್ಚಿದ ಕೋಣೆಯಲ್ಲಿ ಬ್ರೇಕರ್ ಸದ್ದು ಆ ಮಟ್ಟ ಮುಟ್ಟುವುದು ಸುಲಭ. ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು. ಚಪ್ಪಲಿ ಹಾಕಿಕೊಂಡು ಬ್ರೇಕರ್ ಹಿಡಿಯುವಂತಿಲ್ಲ. ಇವನ್ನೆಲ್ಲ ಕೂಲಿಯವರೇ ತರಲಿ ಎನ್ನದೆ ಮನೆ ಮಾಲೀಕರು ಅಥವಾ ಗುತ್ತಿಗೆದಾರರೇ ಒದಗಿಸಬೇಕು.

ವಿದ್ಯುತ್ ಎಚ್ಚರಿಕೆಯೂ ಬೇಕು. ಗೋಡೆ ಒಡೆಯುವ ಮುನ್ನ ಆ ಭಾಗದ ವಿದ್ಯುತ್ ಬಂದ್ ಮಾಡಿ, ನೀರಿನ ವಾಲ್ವ್ ಮುಚ್ಚಿ. ಯಂತ್ರಕ್ಕೆ 15 ಆಂಪಿಯರ್ ಸಾಕೆಟ್, ದಪ್ಪ ವೈರ್‌ನ ಎಕ್ಸ್‌ಟೆನ್ಷನ್, ಕೆಲಸ ಮಾಡುತ್ತಿರುವ ಆರ್‌ಸಿಸಿಬಿ ಇರಬೇಕು.

ನೆರೆಹೊರೆಯವರ ಪಾಲು

ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಸೊಸೈಟಿಗಳು ಇದಕ್ಕಿಂತ ಬಿಗಿಯಾದ ವೇಳೆ ಹಾಕಿಕೊಂಡಿರಬಹುದು, ಮಧ್ಯಾಹ್ನದ ಹೊತ್ತು ನಿಲ್ಲಿಸಲು ಹೇಳಬಹುದು. ಮೇಲಿನ, ಕೆಳಗಿನ, ಅಕ್ಕಪಕ್ಕದ ಮನೆಯವರಿಗೆ ಎರಡು ದಿನ ಮೊದಲೇ ತಿಳಿಸಿ. ಕೆಳಗಿನ ಮನೆಯ ಸೀಲಿಂಗ್‌ನ ಫೋಟೋವನ್ನು ಕೆಲಸಕ್ಕೆ ಮೊದಲೇ ತೆಗೆದಿಟ್ಟರೆ ನಂತರದ ಜಗಳ ತಪ್ಪುತ್ತದೆ. ಅವರಿಗೆ ಹೊಸ ಬಿರುಕು ಕಂಡರೆ, ಪ್ಲಾಸ್ಟರ್ ಉದುರಿದರೆ ಕೂಡಲೇ ಕರೆ ಮಾಡಲು ಹೇಳಿ. ಕರೆ ಬಂದರೆ ಯಂತ್ರ ನಿಲ್ಲಿಸಿ, ಕೆಳಗಿನವರನ್ನು ಆ ಕೋಣೆಯಿಂದ ಹೊರಗೆ ಕಳಿಸಿ, ಆಮೇಲೆ ಮುಂದಿನ ಮಾತು.

ಗುತ್ತಿಗೆದಾರರನ್ನು ಕೇಳಬೇಕಾದ ಐದು ಪ್ರಶ್ನೆ

1. ಯಂತ್ರದ ತೂಕ ಎಷ್ಟು? ಮಹಡಿಯ ಮನೆಗೆ ಇದಕ್ಕಿಂತ ಚಿಕ್ಕದು ತರಬಹುದೇ?

2. ಟೈಲ್ಸ್‌ಗೆ ಅಗಲ ಉಳಿ ಇದೆಯೇ, ಅಥವಾ ಬರೀ ಪಾಯಿಂಟ್ ತಂದಿದ್ದೀರಾ?

3. ಬಿಟ್‌ಗಳ ಬಾಯಿಗೆ ಸಾಣೆ ಹಿಡಿಸಿದೆಯೇ, ಬುಡ ಯಂತ್ರಕ್ಕೆ ಹೊಂದುತ್ತದೆಯೇ?

4. ಡೆಬ್ರಿಸ್ ಅನ್ನು ಅಂದಂದೇ ಕೆಳಗಿಳಿಸುವವರು ಯಾರು, ಎಲ್ಲಿಗೆ ಸಾಗಿಸುತ್ತೀರಿ?

5. ಸರಳು ಕಂಡರೆ ಯಾರನ್ನು ಕರೆಸುತ್ತೀರಿ?

ಈ ಐದಕ್ಕೂ ನೇರ ಉತ್ತರ ಕೊಡುವ ಗುತ್ತಿಗೆದಾರರು ಸ್ವಲ್ಪ ಹೆಚ್ಚು ಹಣ ಕೇಳಿದರೂ ಅವರಿಗೇ ಕೆಲಸ ಕೊಡುವುದು ಲೇಸು. ಚಪ್ಪಟೆ ಉಳಿಯ ಬೆಲೆ ಒಂದು ಪೆಟ್ಟಿಗೆ ಟೈಲ್ಸ್‌ಗಿಂತ ಹೆಚ್ಚೇನಿಲ್ಲ. ಅದನ್ನು ಸರಿಯಾಗಿ ಆರಿಸದೆ ಹೋದರೆ ಪೆಟ್ಟು ಬೀಳುವುದು ಕೆಳಗೆ ಮಲಗಿರುವವರ ಸೂರಿಗೆ.